ದೊಡ್ಡ ಅಕ್ಕೋರ ಹೊಸ ಹಣಿ

ನಾ ಕಲಿಸೂ ಕೊಣ್ಣೂರ ಸಾಲ್ಯಾಗ ನಗೂವಂಥಾದ್ದು ಏನೂ ಆಗಲಿಲ್ಲಂದ್ರ ಆ ದಿನ ಸೂಟಿ ಅಂತ ತಿಳೀರಿ. ಈ ಸಲದ್ದೆಲ್ಲಾ ದೊಡ್ಡ ಅಕ್ಕೋರದು, ಅಂದ್ರ ನಮ್ಮ ಹೆಡ್‌ಮಿಸ್ಟ್ರೆಸ್‌ರದು.

ವಯಸ್ಸಿಗೆ ಅವರ ಹುಬ್ಬು ಜೋತು ಬಿದ್ದು ಕಣ್ಣಿನ ಮ್ಯಾಲ ಕುಂತಿದ್ವು. ಹೆಂಗಸು ಬಂಗಾರದಂಥಾಕಿ, ಮಾರಿ ಮಾತ್ರ ಯಾವಾಗಲೂ ಸಿಟ್ಟು. "ಸಿಟ್ಟು ನನಗಿಲ್ಲವ್ವಾ, ಹುಬ್ಬಿಗೆ ಐತಿ. ರಿಟಾಯರ್ ಆಗೂದ್ರಾಗ ಒಂದ ಕೂಸರೆ ಅಂಜದ ನನ್ನ ಹಂತ್ಯಾಕ ಬರಬೇಕು" ಅಂತಿದ್ರು. ಬ್ಯಾಸಗಿ ಸೂಟ್ಯಾಗ ಬೆಳಗಾವಿಗೆ ಹೋಗಿ ಹುಬ್ಬು ಎತ್ತಿಸೂ ಆಪರೇಷನ್ ಮಾಡಿಸಿಕೊಂಡ ಬಂದ್ರು. ಆ ವಯಸ್ಸಿನ್ಯಾಗ ಅಂಥಾ ಧೈರ್ಯ ನನಗಂತೂ ಬರೂದಿಲ್ಲ.

ವಿಭೂತಿ

ಬಾವು ಇಳಿದ ಮ್ಯಾಲ ನೋಡಾಕ ಹೋದೆ. ಹಣಿ ಮ್ಯಾಲಿನ ನೆರಿಗಿ ಮಾಯ! ಅವರು ಎಂದೂ ಕನ್ನಡಿ ನೋಡಿ ವಿಭೂತಿ ಹಚ್ಚಿಕೊಂಡಾಕಿ ಅಲ್ಲ, ಕೈಬಟ್ಟು ನೆರಿಗಿ ಹಿಡಿದು ತಾವ ಹೋಗತಿದ್ವು. ಈಗ ಹಿಡ್ಯಾಕ ನೆರಿಗಿ ಇಲ್ಲ, ಹಣಿ ಇನ್ನೂ ಜೋಮು. ಮೂರೂ ಗೆರಿ ಡೊಂಕಾಗಿ ಕಿವಿತನಕ ಹೋಗಿದ್ವು.

"ಡಾಕ್ಟರ್ ಹಣಿ ಪಾಟಿಯಂಗ ಒರಿಸಿ ಕಳಿಸ್ಯಾನವ್ವಾ. ಇನ್ನ ಮೊದಲಿಂದ ಗೆರಿ ತಿದ್ದಬೇಕು" ಅಂದ್ರು.

ಕಾಕಾನ ಕತಿ

ಅವರ ಯಜಮಾನ್ರು, ನಮಗೆಲ್ಲಾ ಕಾಕಾ, ಹಿಡಕಲ್ ಡ್ಯಾಮಿನ್ಯಾಗ ನೌಕರಿ ಮಾಡಿದವರು. ಒಂದು ಮಳಿಗಾಲದಾಗ ಗೇಟ್ ಎತ್ತಿದ ಕತಿನ ಲಗ್ನಾದಾಗಿಂದ ಹೇಳಾಕತ್ತಾರ. ಆಪರೇಷನ್ ಆದ ಹೊಸದಾಗ ಹುಬ್ಬು ತುಸು ಹೆಚ್ಚ ಮ್ಯಾಲ ಇದ್ವು, ಅಕ್ಕೋರು ಸುಮ್ಮ ಕುಂತ್ರೂ ಆಶ್ಚರ್ಯಪಟ್ಟಂಗ ಕಾಣತಿದ್ರು. ಕಾಕಾ ಹುರುಪಿಗೆ ಬಂದು ಮುಂಜಾನಿ ಒಮ್ಮೆ, ಸಂಜಿಕೊಮ್ಮೆ ಹೇಳಾಕ ಹತ್ತಿದ್ರು.

"ಈಗ ನೋಡ್ರಿ ಮನಸ್ಸುಗೊಟ್ಟು ಕೇಳಾಕತ್ತಾಳ" ಅಂದ್ರು ನನಗ.

ಅಕ್ಕೋರು ಚಾ ಕೊಡತ ನನ್ನ ಕಿವ್ಯಾಗ ಅಂದ್ರು: "ಹುಬ್ಬು ಇಳಿಯೂತನಕ ತಾಳಿಕೋಬೇಕು."

ಸಾಲಿ ಚಾಲೂ ಆದ ದಿನ

ಅಷ್ಟೊತ್ತಿಗೆ ಹುಬ್ಬು ತಮ್ಮ ಜಾಗಕ್ಕ ಬಂದಿದ್ವು. ಖರೆ ಹೇಳತೇನಿ, ಅವರಿಗೆ ಅಷ್ಟು ಚಂದದ ಕಣ್ಣು ಅದಾವು ಅಂತ ನಮಗ್ಯಾರಿಗೂ ಗೊತ್ತಿರಲಿಲ್ಲ. ಆದ್ರ ಅಕ್ಕೋರು ನನ್ನ ಹಂತ್ಯಾಕ ಬಂದು, "ಈಗೂ ಹುಡುಗ್ರು ಓಡಿ ಹೋದ್ರ ಏನ್ ಮಾಡ್ಲಿ?" ಅಂದ್ರು.

ಎರಡನೇ ಕ್ಲಾಸಿನ ಒಂದು ಹುಡುಗಿ ಇತ್ತು. ಹೋದ ವರ್ಷ ಅವರನ್ನ ಕಂಡ್ರ ನನ್ನ ಸೀರಿ ಹಿಂದ ಅಡಗತಿತ್ತು. ಅದು ಸೀದಾ ಬಂದು ಅವರ ಸೆರಗು ಹಿಡಿದು, ಮಾರಿ ಮ್ಯಾಲ ಮಾಡಿ ದಿಟ್ಟಿಸಿ ನೋಡಿತು.

"ನೀವು ದೊಡ್ಡ ಅಕ್ಕೋರ ತಂಗಿ ಏನ್ರಿ?"

ಅಕ್ಕೋರು ಹೂಂ ಅಂದುಬಿಟ್ರು.

ಹುಡುಗಿ ದನಿ ಸಣ್ಣ ಮಾಡಿ, "ಹಂಗಾದ್ರ ನೀವ ಇರ್ರಿ. ನಿಮ್ಮ ಅಕ್ಕಾಗ ಮನ್ಯಾಗ ಇರಾಕ ಹೇಳ್ರಿ" ಅಂತು.

ಅಕ್ಕೋರು ಅದನ್ನ ಎತ್ತಿಕೊಂಡು, ಕಣ್ಣಾಗ ನೀರು ಬರೂತನಕ ನಕ್ಕು, "ಹೇಳೇನವ್ವಾ, ಆಕಿ ಇನ್ನ ಬರೂದಿಲ್ಲ" ಅಂದ್ರು.