ದಿವಂಗತ ಕಂಬಳಿಯ ಪಾಲು

ಮಗ್ಗದಿಂದ ಕತ್ತರಿಸಿದ ಕೂಡಲೇ ಕಂಬಳಿ ಸಾಯುತ್ತದೆಂಬುದು ಅಟ್ಲಾಸ್ ಬೆಟ್ಟದಲ್ಲಿ ಎಲ್ಲರೂ ಬಲ್ಲ ಸಂಗತಿ. ನೇಯುವಷ್ಟು ದಿನ ಅದಕ್ಕೆ ಜೀವವಿರುತ್ತದೆ. ಕತ್ತರಿಸಿದ ದಿನ ಹೆಂಗಸರು ನೀರು ಚಿಮುಕಿಸಿ, ಹಾಡಿ ಕಳಿಸಿಕೊಡುತ್ತಾರೆ. ಜಿಲಾಲಿ ಸಾಹೇಬರು ವರ್ಗವಾಗಿ ಬರುವವರೆಗೆ ಇದರಲ್ಲಿ ಸರ್ಕಾರಕ್ಕೆ ಕೆಲಸವಿರಲಿಲ್ಲ.

ಸಾಹೇಬರದು ಸಾಮೂಹಿಕ ಜಮೀನು ಹಾಗೂ ಮಹಿಳಾ ಕಲೆ ಇಲಾಖೆ. ಎರಡಕ್ಕೂ ಒಂದೇ ಮೇಜು, ಒಂದೇ ಮೊಹರು. ಮದುವೆಯಾಗದ ಯಾಮ್ನಾ ಬುಡಕಟ್ಟಿನ ಜಮೀನಿನಲ್ಲಿ ತನಗೂ ಪಾಲು ಬೇಕೆಂದು ಆ ಮೇಜಿಗೆ ಏಳು ವರ್ಷ ಅಲೆದಿದ್ದಳು. ಪಾಲು ಗಂಡಸರಿಗೆ ಮಾತ್ರ ಎಂದು ಏಳು ಸಲವೂ ಬರೆದುಕೊಟ್ಟಿದ್ದರು. ಹೊಟ್ಟೆ ಉರಿದು, ತನ್ನ ಹಾಡನ್ನೇ ಚಿತ್ತಾರವಾಗಿ ನೇಯ್ದಳು:

"ಕುರಿಗೆ ಹುಲ್ಲುಂಟು, ಕಾಗೆಗೆ ಕೊಂಬೆಯುಂಟು,
ನನ್ನ ಕಾಲಿಗೆ ಮಾತ್ರ ನೆಲವಿಲ್ಲವೇನೋ?"

ಕಂಬಳಿಯನ್ನು ಇಲಾಖೆಯ ಕಲಾಪ್ರದರ್ಶನಕ್ಕೆ ಹೊತ್ತು ತಂದಳು.

"ಇದು ಯಾವಾಗ ಮುಗೀತು?" ಎಂದರು ಸಾಹೇಬರು.

"ಗುರುವಾರ ಸತ್ತೋಯ್ತು ಸಾಹೇಬ್ರೆ."

"ಮರಣಪತ್ರ?"

ಯಾಮ್ನಾಳ ಹತ್ತಿರ ಯಾವ ಪತ್ರವೂ ಇರಲಿಲ್ಲ. ಮರಣಪತ್ರಕ್ಕೆ ಜನನಪತ್ರ ಬೇಕು. ಇಲಾಖೆಯ ನಮೂನೆಯಲ್ಲಿ 'ಮಗನ ಹೆಸರು' ಎಂಬ ಕಾಲಂ ಇತ್ತು, ಮಗಳಿಗೆ ಕಾಲಂ ಇರಲಿಲ್ಲ. ಸಾಹೇಬರು 'ಕಂಬಳಿ' ಎಂದು ತುಂಬಿದರು.

"ತಂದೆ?"

"ತಂದೆ ಎಲ್ಲಿಂದ ತರ್ಲಿ? ಉಣ್ಣೆ ನಮ್ಮ ಟಗರಿಂದು."

"ಅವರನ್ನ ಕರ್ಕೊಂಡು ಬಾಮ್ಮ, ಸಹಿ ಬೇಕು."

"ಹಬ್ಬಕ್ಕೆ ಕೊಯ್ದು ತಿಂದ್ವಲ್ಲ!"

"ಛೆ ಛೆ," ಎಂದು ಸಾಹೇಬರು ನೊಂದುಕೊಂಡು, 'ದಿವಂಗತ ಟಗರು' ಎಂದು ಬರೆದು, ಜನನಪತ್ರಕ್ಕೂ ಮರಣಪತ್ರಕ್ಕೂ ಮೊಹರು ಒತ್ತಿದರು.

ಮನೆಯಲ್ಲಿ ಇಜ್ಜಾ ಅಜ್ಜಿ ಆ ಕಾಗದಗಳನ್ನು ಎರಡು ಸಲ ಓದಿಸಿಕೊಂಡಳು. "ಅಯ್ಯೋ ಪೆದ್ದಿ, ಅಳ್ತಾ ಕೂತಿದೀಯಲ್ಲ! ಮದುವೆಯಾಗದ ಮಗ ಸತ್ರೆ ಅವನ ಪಾಲು ಯಾರಿಗೆ?"

"ತಾಯಿಗೆ," ಎಂದ ಯಾಮ್ನಾ ಎದ್ದು ನಿಂತಳು.

ಮೊಹರು ಇಲಾಖೆಯದೇ ಆದ್ದರಿಂದ ಇಲಾಖೆ ಅಲ್ಲಗಳೆಯುವಂತಿರಲಿಲ್ಲ. ಹೊಳೆಯ ದಂಡೆಯ ಜಮೀನು ಕಂಬಳಿಯ ಹೆಸರಿನಿಂದ ಯಾಮ್ನಾಳ ಹೆಸರಿಗೆ ಬಂತು. ಏಳು ವರ್ಷದ ಮೇಲೆ ಅವಳು ತನ್ನದೇ ನೆಲದಲ್ಲಿ ಬಾರ್ಲಿ ಬಿತ್ತಿ, ಬದುವಿನ ಮೇಲೆ ಕೂತು ಮನಸಾರೆ ಅತ್ತಳು.

ಆ ಚಳಿಗಾಲ ಊರಿನ ಮಗ್ಗಗಳ ಮೇಲೆ ನಲವತ್ತೊಂದು ಗಂಡುಮಕ್ಕಳು ತೀರಿಕೊಂಡರು. ಸಾಹೇಬರು ಮನೆಮನೆಗೂ ಹೋಗಿ ಸಂತಾಪ ಹೇಳಿ, ಪುದೀನಾ ಚಹಾ ಕುಡಿದು ಬಂದರು. ಆಮೇಲೆ ಪ್ರಕಟಣೆ ಹೊರಬಿತ್ತು: "ನಾಲ್ಕು ಮೊಳಕ್ಕಿಂತ ಚಿಕ್ಕ ಕಂಬಳಿಗಳನ್ನು ಅಪ್ರಾಪ್ತ ವಯಸ್ಕರೆಂದು ಪರಿಗಣಿಸಿ, ಪಾಲು ನಿರಾಕರಿಸಲಾಗುವುದು."

ನ್ಯಾಯವಾದ ಮಾತೇ ಎಂದು ಹೆಂಗಸರೆಲ್ಲ ಒಪ್ಪಿ, ಮಗ್ಗ ಉದ್ದ ಮಾಡಿಕೊಂಡರು.