ಕೆಂಡದೂಟಕ್ಕೆ ನಾನು ಬರೆದ ಪಟ್ಟಿ

ಕೆಲವರಿಗೆ ನಶ್ಯದ ಚಟ, ಕೆಲವರಿಗೆ ಇಸ್ಪೀಟಿನ ಚಟ. ನನ್ನದು ಪಟ್ಟಿ ಬರೆಯುವ ಚಟ. ಸಂತೆಯಿಂದ ಒಂದು ಕಟ್ಟು ಸೊಪ್ಪು ತನ್ನಿ ಎಂದು ಹೆಂಡತಿ ಹೇಳಿದರೂ ಸಾಕು, ನಾನು ಚೀಟಿಯ ಮೇಲೆ ‘೧. ಸೊಪ್ಪು’ ಎಂದು ಬರೆದುಕೊಂಡೇ ಹೊರಡುವವನು. ಚೀಟಿ ಮನೆಯಲ್ಲೇ ಉಳಿಯುತ್ತದೆ ಎನ್ನುವುದು ಬೇರೆ ಮಾತು. ನಮ್ಮ ಗೃಹಪ್ರವೇಶಕ್ಕೆ ಕರೆಯಬೇಕಾದವರ ಹೆಸರುಗಳನ್ನು ನಾಲ್ಕು ಹಾಳೆಯ ತುಂಬ ಬರೆದು, ಕೊಳ್ಳೇಗಾಲದ ಬೀದಿಬೀದಿ ಅಲೆದು ಕರೆದು ಬಂದಿದ್ದೆ. ಆ ದಿನ ಬೆಳಿಗ್ಗೆ ಎಲ್ಲರೂ ಬಂದು ಕೂತರು, ಪೂಜೆ ಮಾಡಿಸಬೇಕಾದ ಅಯ್ಯನವರು ಮಾತ್ರ ಬರಲಿಲ್ಲ. ಅವರು ಬಂದೇ ಬರುತ್ತಾರೆ ಎಂದುಕೊಂಡು ನಾನು ಅವರ ಹೆಸರನ್ನು ಬರೆದೇ ಇರಲಿಲ್ಲ. ಸ್ನಾನ ಮಾಡುತ್ತಿದ್ದವರನ್ನು ಒದ್ದೆ ತಲೆಯಲ್ಲೇ ಕರೆದುಕೊಂಡು ಬಂದದ್ದಾಯಿತು. ಅಷ್ಟಾದ ಮೇಲಾದರೂ ನನಗೆ ಬುದ್ಧಿ ಬರಬೇಕಾಗಿತ್ತು. ಆದರೆ ದಿನವೂ ಊರವರ ಮಕ್ಕಳಿಗೆ ಬುದ್ಧಿ ಹೇಳುವ ಮೇಷ್ಟ್ರಿಗೆ ಅದು ಅಷ್ಟು ಸುಲಭವಾಗಿ ಬರುವುದಿಲ್ಲ.

ಮೊದಲು ನನ್ನ ಭಾವಮೈದ ಮಾದಪ್ಪನ ವಿಷಯ ಹೇಳಿಬಿಡುತ್ತೇನೆ. ಅವನು ಯಳಂದೂರಿನ ಹತ್ತಿರ ಹೊನ್ನೂರಿನವನು, ನನ್ನ ಹೆಂಡತಿ ಶಿವಮ್ಮನ ಒಬ್ಬನೇ ತಮ್ಮ. ಗದ್ದೆ, ಕಬ್ಬು, ತೆಂಗು ಎಲ್ಲ ಇರುವ ಕುಳ. ಹೋದ ವರ್ಷ ಅವನ ಮಗುವಿನ ನಾಮಕರಣದಲ್ಲಿ ನಾನು ಪಂಕ್ತಿಯಲ್ಲಿ ಕೂತು ಮೊದಲ ತುತ್ತಿಗೇ, “ಸಾರಿಗೆ ಉಪ್ಪು ಕಮ್ಮಿಯಾಯ್ತಲ್ಲಪ್ಪ” ಎಂದುಬಿಟ್ಟೆ. ಮೆಲ್ಲಗೆ ಹೇಳಿದೆನೆಂದೇ ನನ್ನ ನಂಬಿಕೆ. ಆದರೆ ತರಗತಿಯ ಕೊನೆಯ ಬೆಂಚಿಗೆ ಕೇಳುವಂತೆ ಕೂಗಿ ಕೂಗಿ ಪಳಗಿದ ಗಂಟಲು ನನ್ನದು, ಮೂರು ಪಂಕ್ತಿಗೂ ಕೇಳಿಸಿತು. ಅಲ್ಲಿಯವರೆಗೆ ಸದ್ದಿಲ್ಲದೆ ಉಣ್ಣುತ್ತಿದ್ದ ಊರ ಹಿರಿಯರು ಬೆರಳ ತುದಿಯಲ್ಲಿ ಸಾರು ನೆಕ್ಕಿ ನೋಡಿ, ಹೌದು ಎಂದು ತಲೆಯಾಡಿಸಿದರು. ಬಡಿಸುತ್ತಿದ್ದ ಮಾದಪ್ಪ ಸೌಟನ್ನು ಬಕೇಟಿನಲ್ಲೇ ಬಿಟ್ಟು ಒಳಗೆ ಹೋದ. ಅವತ್ತಿನಿಂದ ಅವನು ನಮ್ಮ ಮನೆಗೆ ಬರಲಿಲ್ಲ, ಶಿವಮ್ಮ ತವರಿಗೆ ಹೋಗಲಿಲ್ಲ. ಕೊಳ್ಳೇಗಾಲ ಮದರಾಸು ಸರ್ಕಾರದ್ದು, ಹೊನ್ನೂರು ಮೈಸೂರಿನದು. ಎರಡು ಸರ್ಕಾರಗಳೂ ತಮ್ಮ ಪಾಡಿಗೆ ಚೆನ್ನಾಗಿಯೇ ಇದ್ದವು, ಗಡಿಯಲ್ಲಿ ಬೇಲಿ ಹಾಕಿಕೊಂಡವರು ನಾವಿಬ್ಬರೇ. ನಮ್ಮ ಮನೆಯಲ್ಲಂತೂ ಉಪ್ಪು ಎನ್ನುವ ಮಾತೇ ನಿಂತುಹೋಯಿತು. ಮಜ್ಜಿಗೆಗೆ ಬೇಕಾದಾಗ ನಾನು ಗೂಡಿನ ಕಡೆಗೆ ಗಲ್ಲ ಎತ್ತಿ ತೋರಿಸುವುದು, ಶಿವಮ್ಮ ಜಾಡಿಯನ್ನು ತಂದು ಎದುರಿಗೆ ಕುಕ್ಕುವುದು, ಹೀಗೆಯೇ ಒಂದು ವರ್ಷ ಕಳೆಯಿತು.

ಅವರೆಕಾಯಿ ಸೊಗಡು ಬಿಡುವ ಕಾಲ ಬಂತು. ನನ್ನ ಜೊತೆಯ ಮೇಷ್ಟ್ರು, ಅಜ್ಜೀಪುರದ ಸಿದ್ದಯ್ಯ, ಧನಗೆರೆಯ ಗುರುಮಲ್ಲಪ್ಪನ ಹೊಲದಲ್ಲಿ ಒಂದು ಭಾನುವಾರ ಕೆಂಡದೂಟ ಮಾಡೋಣ ಎಂದರು. ಕೆಂಡದೂಟ ಎಂದರೆ ಹೆಚ್ಚಿನದೇನೂ ಅಲ್ಲ. ಒಬ್ಬೊಬ್ಬರು ಒಂದೊಂದು ಸಾಮಾನು ತರುವುದು, ಹೊಲದ ಬದುವಿನಲ್ಲಿ ಬೆಂಕಿ ಮಾಡಿ ಎಲ್ಲವನ್ನೂ ಅಲ್ಲೇ ಸುಟ್ಟು ತಿನ್ನುವುದು. ಯಾರ ಮನೆಯೂ ಅಲ್ಲದ ಜಾಗವಾದ್ದರಿಂದ ಮಾದಪ್ಪನನ್ನು ಕರೆಯಲು ಇದೇ ಸಮಯ ಎಂದು ನನಗೆ ಹೊಳೆಯಿತು. ಹೇಳಿಕಳಿಸಿದೆ, ಅವನೂ ಬರುತ್ತೇನೆ ಎಂದ. ಶಿವಮ್ಮ ನನ್ನನ್ನು ಎದುರಿಗೆ ಕೂರಿಸಿಕೊಂಡು ಹೇಳಿದಳು: “ಈ ಸಲ ಅವ್ನು ನಗ್ತಾ ವಾಪಸ್ ಓಗ್ಬೇಕು. ನಾನೂ ಅವನ್ ಗಾಡೀಲೇ ಓಯ್ತೀನಿ, ಎಂಟು ದಿನ ಇದ್ದು ಬತ್ತೀನಿ. ಏನಾರ ಎಡವಟ್ಟು ಮಾಡುದ್ರೋ, ನಿಮ್ ಪಟ್ಟೀನೆಲ್ಲ ತಕಂಡೋಗಿ ಅದೇ ಕೆಂಡಕ್ಕೆ ಆಕ್ಬುಡ್ತೀನಿ, ನೋಡ್ಕಳಿ.”

ಇಷ್ಟು ಹೇಳಿಸಿಕೊಂಡ ಮೇಲೆ ಪಟ್ಟಿ ಬರೆಯದೆ ಇರುವುದುಂಟೇ? ಗುರುಮಲ್ಲಪ್ಪನನ್ನೂ ಸಿದ್ದಯ್ಯನವರನ್ನೂ ಮನೆಯ ಜಗಲಿಗೆ ಕರೆಸಿಕೊಂಡು ಬರೆಯಲು ಕೂತೆ. ಗುರುಮಲ್ಲಪ್ಪನದು ಸೌದೆ, ಅವರೆಕಾಯಿ, ಹಸಿ ಕಡಲೆಕಾಯಿ. ಸಿದ್ದಯ್ಯನವರದು ಗೆಣಸು, ರಾಗಿಹಿಟ್ಟು, ರೊಟ್ಟಿಯ ಹೆಂಚು. ನನ್ನದು ಈರುಳ್ಳಿ, ಮೆಣಸಿನಕಾಯಿ, ಮಜ್ಜಿಗೆ, ಬಾಳೆ ಎಲೆ. ಮಾದಪ್ಪ ಒಂದು ಮೂಟೆ ಸಣ್ಣಕ್ಕಿ ತರುತ್ತೇನೆಂದು ಹೇಳಿಕಳಿಸಿದ್ದ. ಈ ಕಂಟ್ರೋಲಿನ ಕಾಲದಲ್ಲಿ ಪರ್ಮಿಟ್ಟಿಲ್ಲದೆ ಅಕ್ಕಿ ಗಡಿ ದಾಟುವಂತಿಲ್ಲ, ಆದ್ದರಿಂದ ಅವನ ಹೆಸರಿಗೆ ಬದನೆಕಾಯಿ ಬರೆದೆ. ಗದ್ದೆಯ ಯಜಮಾನನಿಗೆ ಬರೀ ಬದನೆಕಾಯಿ ಎಂದರೆ ಅದೊಂದು ಹೊಸ ಅವಮಾನವಾದೀತೆಂದು ಹೆದರಿ, ‘ಹೊನ್ನೂರಿನ ಎಳೆಯ ಗುಂಡು ಬದನೆಕಾಯಿ’ ಎಂದು ಸಾಧ್ಯವಾದಷ್ಟು ಮರ್ಯಾದೆ ಸೇರಿಸಿದೆ.

ಹನ್ನೆರಡನೆಯ ಬಾಬಿಗೆ ಬಂದಾಗ ಪೆನ್ಸಿಲು ನಿಂತಿತು. ಅದು ಉಪ್ಪು. ಮಾದಪ್ಪನ ಹೆಸರಿಗೆ ಅದನ್ನು ಬರೆಯುವ ಹಾಗೇ ಇರಲಿಲ್ಲ. ಸಿದ್ದಯ್ಯನವರ ಮುಖ ನೋಡಿದೆ. “ಅದೊಂದು ಮಾತ್ರ ಬ್ಯಾಡಿ ಸಾ” ಎಂದರು ಅವರು. “ಉಪ್ಪು ಕೈಯಿಂದ ಕೈಗೆ ಓದ್ರೆ ಜಗಳ ಆಯ್ತದೆ. ನಿಮ್ದೇ ಒಂದು ಜಗಳ ಇನ್ನೂ ಮುಗುದಿಲ್ಲ.” ಗುರುಮಲ್ಲಪ್ಪನೂ, “ನಂಗೂ ಬ್ಯಾಡ ಕಣ್ರಿ ಮೇಷ್ಟ್ರೆ, ನಂ ಒಲಕ್ಕೆ ಬಂದೋರ್ಗೆ ನಾನ್ಯಾಕೆ ಜಗಳ ಅಂಚ್ಲಿ?” ಎಂದ. ನನಗೆ ಸಿಟ್ಟು ಬಂತು. ಮೂಢನಂಬಿಕೆಗಳ ಮೇಲೆ ಪ್ರತಿ ವರ್ಷ ಶಾಲೆಯಲ್ಲಿ ಮಾಡುವ ಪಾಠವನ್ನು ಜಗಲಿಯ ಮೇಲೆ ಒಪ್ಪಿಸಿದೆ. ಉಪ್ಪು ಸಮುದ್ರದ ನೀರು ಒಣಗಿ ಆಗುವ ಪದಾರ್ಥ, ಅದಕ್ಕೂ ಮನುಷ್ಯರ ಜಗಳಕ್ಕೂ ಏನು ಸಂಬಂಧ ಎಂದು ಕೇಳಿದೆ. ಇಬ್ಬರೂ ವಿನಯದಿಂದ ಪೂರ್ತಿ ಕೇಳಿಸಿಕೊಂಡರು, ಉಪ್ಪು ತರಲು ಮಾತ್ರ ಒಪ್ಪಲಿಲ್ಲ. “ಹಾಗಾದರೆ ನಾನೇ ತರುತ್ತೇನೆ” ಎಂದೆ. ಆದರೆ ಆ ಹಾಳೆ ಹೊಲದಲ್ಲಿ ಮಾದಪ್ಪನ ಕಣ್ಣಿಗೆ ಬಿದ್ದರೆ ಏನು ಗತಿ? ಆದ್ದರಿಂದ ಹನ್ನೆರಡು ಎಂದು ಬರೆದು, ಮುಂದೆ ಒಂದು ಗೀಟು ಎಳೆದು ಸುಮ್ಮನಾದೆ. ನನಗಂತೂ ಗೊತ್ತಿದೆಯಲ್ಲ ಎಂದುಕೊಂಡೆ.

ಭಾನುವಾರ ಬೆಳಿಗ್ಗೆ ಹೊರಡುವ ಮುಂಚೆ ಸಾಮಾನನ್ನೆಲ್ಲ ಜಗಲಿಯ ಮೇಲೆ ಜೋಡಿಸಿ ಪಟ್ಟಿಯೊಂದಿಗೆ ತಾಳೆ ನೋಡಿದೆ. ಹನ್ನೆರಡನೆಯದರ ಮುಂದೆ ಏನೂ ಬರೆದಿರಲಿಲ್ಲ, ಏನೂ ಬರೆಯದ ಮೇಲೆ ತರುವುದಕ್ಕೂ ಏನೂ ಇಲ್ಲವೆಂದು ಅದಕ್ಕೂ ಒಂದು ಗುರುತು ಹಾಕಿ, ಹೆಮ್ಮೆಯಿಂದ ಗಾಡಿ ಹತ್ತಿದೆ. ಶಿವಮ್ಮನೂ ಆ ಮಾತೆತ್ತಲಿಲ್ಲ. ಎತ್ತಬಾರದೆಂದು ವರ್ಷದಿಂದ ಅಭ್ಯಾಸ ಮಾಡಿದ್ದೆವಲ್ಲ. ಹೊಲಕ್ಕೆ ನಾವು ಹೋಗುವಷ್ಟರಲ್ಲಿ ಮಾದಪ್ಪ ಬಂದಿದ್ದ. “ಚೆಂದಾಗಿದ್ದೀಯಾ ಅಕ್ಕ?” ಎಂದು ಅಕ್ಕನ ಬುಟ್ಟಿ ಇಳಿಸಿಕೊಂಡ. ನನ್ನ ಕಡೆ ತಿರುಗಿ, “ಊಂ, ಬನ್ನಿ ಬಾವ” ಎಂದ. ಊಂ ಎಂದದ್ದೇ ದೊಡ್ಡದು ಎಂದುಕೊಂಡು ನಾನು ಪಟ್ಟಿ ಹಿಡಿದು ಯಜಮಾನಿಕೆಗೆ ನಿಂತೆ. ಗೆಣಸನ್ನು ಬೂದಿಯೊಳಗೆ ಹೂತರು, ಅವರೆಕಾಯಿ ಕೆಂಡದ ಮೇಲೆ ಚಟಪಟ ಎಂದಿತು, ಬದನೆಕಾಯಿಯ ಸಿಪ್ಪೆ ಸುಟ್ಟ ವಾಸನೆ ಬದುವಿನ ಉದ್ದಕ್ಕೂ ಹರಡಿತು. ಶಿವಮ್ಮ ಬದನೆಕಾಯಿಯನ್ನು ಕಿವುಚಿ, ಈರುಳ್ಳಿ, ಸುಟ್ಟ ಮೆಣಸಿನಕಾಯಿ ಸೇರಿಸಿ, ಕೈ ನಿಲ್ಲಿಸಿ, ನನ್ನ ಕಡೆ ನೋಡಿ ಗಲ್ಲ ಎತ್ತಿದಳು. ನಮ್ಮ ಮನೆಯಲ್ಲಿ ಅದಕ್ಕಿರುವುದು ಒಂದೇ ಅರ್ಥ. ನಾನು ಪಟ್ಟಿ ನೋಡಿದೆ. ಹನ್ನೆರಡು, ಗೀಟು, ಗುರುತು. ಉಪ್ಪು ಮನೆಯ ಗೂಡಿನಲ್ಲೇ ಉಳಿದಿತ್ತು.

ಊರಿನ ಅಂಗಡಿಗೆ ಓಡೋಣವೆಂದರೆ ಆಗಲೇ ಎಲೆ ಹಾಸಿಯಾಗಿತ್ತು. ಶಿವಮ್ಮ ನನ್ನ ಮುಖ ನೋಡಿ ಎಲ್ಲವನ್ನೂ ತಿಳಿದುಕೊಂಡು, ಏನೂ ಆಗದವಳಂತೆ ಬಡಿಸಿದಳು. ರೊಟ್ಟಿ ಸಪ್ಪೆ, ಗೊಜ್ಜು ಸಪ್ಪೆ, ಮಜ್ಜಿಗೆ ಸಪ್ಪೆ. ನನ್ನ ಮಾನ ಉಳಿಸಿದ್ದು ಗೆಣಸೊಂದೇ. ಗುರುಮಲ್ಲಪ್ಪ ಒಂದು ತುತ್ತು ಬಾಯಿಗಿಟ್ಟು ಆಕಾಶ ನೋಡಿದ. ಸಿದ್ದಯ್ಯನವರು ಅಗಿಯುವುದನ್ನು ನಿಲ್ಲಿಸಿ, ಮತ್ತೆ ಅಗಿದರು. ಉಪ್ಪಿಲ್ಲ ಎಂದು ಯಾರೂ ಅನ್ನಲಿಲ್ಲ. ನಾನು ಮಾತ್ರ ಎಲೆಗೆ ಕೈ ಹಾಕದೆ ಮಾದಪ್ಪನ ಬಾಯನ್ನೇ ನೋಡುತ್ತ ಕೂತಿದ್ದೆ. ಅವನು ಒಂದು ತುತ್ತು ತಿಂದ, ಇನ್ನೊಂದು ತಿಂದ, ಆಮೇಲೆ ತಲೆ ಎತ್ತಿ, “ಗೊಜ್ಜು ಬೋ ಪಸಂದಾಗದೆ ಬಾವ” ಎಂದ. ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಊಟಕ್ಕೆ ಕರೆದವನ ಮಾನವನ್ನು ಹೇಗೆ ಕಾಯಬೇಕು ಎನ್ನುವುದನ್ನು ಆ ನಾಲ್ಕು ಜನ ನನ್ನ ಎದುರೇ ಮಾಡಿ ತೋರಿಸುತ್ತಿದ್ದರು. ನನಗೆ ನಿಜವಾಗಿ ನಾಚಿಕೆಯಾಯಿತು. “ಉಪ್ಪಿಲ್ಲ ಕಣಪ್ಪ ಮಾದಪ್ಪ, ನಾನೇ ಮರೆತು ಬಂದೆ” ಎಂದೆ. “ಅವತ್ತು ನಿನ್ನ ಮನೆಯಲ್ಲಿ ನಾನು ಹಾಗೆ ಅನ್ನಬಾರದಾಗಿತ್ತು.”

ಮಾದಪ್ಪ ಎದ್ದು, ಕೈ ಒರೆಸಿಕೊಂಡು, ತನ್ನ ಗಾಡಿಯ ಕಡೆ ನಡೆದ. ಎತ್ತು ಕಟ್ಟಿ ಹೊರಟೇಬಿಡುತ್ತಾನೆ ಎಂದುಕೊಂಡೆ. ಶಿವಮ್ಮ ಒಮ್ಮೆ ನನ್ನ ಕೈಯಲ್ಲಿದ್ದ ಪಟ್ಟಿಯನ್ನೂ ಒಮ್ಮೆ ಕೆಂಡವನ್ನೂ ನೋಡಿದಳು. ಆದರೆ ಅವನು ಹುಲ್ಲಿನ ಕೆಳಗಿನಿಂದ ಒಂದು ಬಟ್ಟೆಯ ಗಂಟನ್ನು ತೆಗೆದುಕೊಂಡು ವಾಪಸು ಬಂದು ಬಿಚ್ಚಿದ. ಒಳಗೆ ಒಂದು ಸೇರಿನಷ್ಟು ಕಲ್ಲುಪ್ಪು. “ಅವತ್ತಿಂದ ನಾ ಎಲ್ಲಿ ಊಟಕ್ಕೋದ್ರೂ ಇದು ಗಾಡೀಲೇ ಇರ್ತದೆ ಬಾವ. ಯಾರಾರ ಕಮ್ಮಿ ಅಂದ್ರೆ ತಕಳಿ ಅಂತ ಕೊಟ್ಬುಡವ ಅಂತ. ಒಂದ್ ವರ್ಸ ಆಯ್ತು, ನಿಮ್ಮಂಗೆ ಬಾಯ್ಬುಟ್ಟು ಕೇಳೋರು ಒಬ್ರೂ ಸಿಕ್ನಿಲ್ಲ” ಎಂದು ನಕ್ಕ. ಎಲ್ಲರೂ ನಕ್ಕರು, ಶಿವಮ್ಮ ಕಣ್ಣೊರೆಸಿಕೊಂಡು ನಕ್ಕಳು. ಅವನು ಒಂದು ಹಿಡಿ ಉಪ್ಪು ತೆಗೆದು ನನ್ನ ಕಡೆ ಚಾಚಿದ. ನಾನು ಸಂತೋಷದಿಂದ ಕೈ ಒಡ್ಡಿದೆ. ಒಡ್ಡಿದ ಕೈ ನನ್ನನ್ನು ಕೇಳದೆಯೇ ಹಿಂದಕ್ಕೆ ಬಂತು. “ಎಲೆಯ ಮೇಲೆ ಮಡಗಪ್ಪ” ಎಂದೆ.

“ಯಾಕ್ ಸಾ, ಸಮುದ್ರದ್ ನೀರು ಒಣಗಿ ಆಗೋದು ಅಂದ್ರಲ್ಲ?” ಎಂದರು ಸಿದ್ದಯ್ಯನವರು. “ಅದಲ್ಲ, ನನ್ನ ಕೈ ಎಂಜಲಾಗಿದೆ” ಎಂದೆ. ನಾನಿನ್ನೂ ಒಂದು ತುತ್ತನ್ನೂ ಮುಟ್ಟಿರಲಿಲ್ಲ ಎಂಬುದು ಎಲ್ಲರಿಗೂ ಕಾಣುತ್ತಿತ್ತು. ಅದನ್ನೂ ಅವರು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಸಂಜೆ ಶಿವಮ್ಮ ತಮ್ಮನ ಗಾಡಿಯಲ್ಲಿ ಹೊನ್ನೂರಿಗೆ ಹೋದಳು. ಎಂಟು ದಿನ ಅಡಿಗೆ ನನ್ನದೇ. ಸಾರು ಮಾಡುವ ಕ್ರಮವನ್ನು ಅವಳಿಂದ ಕೇಳಿ ಪಟ್ಟಿ ಬರೆದುಕೊಂಡಿದ್ದೆ. ಮರೆಯಬಾರದೆಂದು ಉಪ್ಪನ್ನು ಮೂರನೆಯ ಬಾಬಿನಲ್ಲೂ ಬರೆದು ಒಂಬತ್ತನೆಯದರಲ್ಲೂ ಬರೆದಿದ್ದೆ, ಎರಡು ಕಡೆಯೂ ತಪ್ಪದೆ ಹಾಕಿದೆ. ಬಡಿಸಿಕೊಂಡು ಮೊದಲ ತುತ್ತು ಬಾಯಿಗಿಟ್ಟಾಗ ಮನೆಯ ಯಜಮಾನನೂ ನಾನೇ, ಊಟಕ್ಕೆ ಬಂದ ನೆಂಟನೂ ನಾನೇ. ಯಾರ ಮನಸ್ಸನ್ನೂ ನೋಯಿಸಬಾರದೆಂದು, “ಸಾರು ಬೋ ಪಸಂದಾಗಿದೆ” ಎಂದು ಕೊನೆಯ ಬೆಂಚಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿ, ಮೂರು ಚೊಂಬು ನೀರು ಕುಡಿದು ಎದ್ದೆ.