ಮೂರು ಫಾರಂ, ಒಂದು ಹಲ್ಲು

ಗುಮಾಸ್ತರ ದವಡೆ ಹಲ್ಲು ಮೂರು ದಿನದಿಂದ ಜೀವ ಹಿಂಡುತ್ತಿತ್ತು. ಬಾಯಲ್ಲಿ ಚೆಂಡು ಬಚ್ಚಿಟ್ಟುಕೊಂಡವರಂತೆ ಕೆನ್ನೆ ಊದಿತ್ತು. ಮಧ್ಯಾಹ್ನ ಹಲ್ಲಿನ ಡಾಕ್ಟರು ಬರಹೇಳಿದ್ದರು. ಬೇಕಾಗಿದ್ದದ್ದು ಅರ್ಧ ದಿನದ ರಜೆ, ಅಷ್ಟೇ.

ಕಚೇರಿಯ ಹೊಸ ವೆಬ್‌ಪುಟದಲ್ಲಿ ದೂರು, ರಜೆ, ಸಲಹೆ ಮೂರರ ಫಾರಂಗಳೂ ಒಂದರ ಕೆಳಗೊಂದು ಕೂತಿದ್ದವು. ಮೂರಕ್ಕೂ ಒಂದೇ ತರದ 'ಸಲ್ಲಿಸಿ' ಬಟನ್. ಗುಮಾಸ್ತರು ರಜೆಯ ಫಾರಂ ಹುಡುಕಿ, 'ಅಧಿಕಾರಿ' ಎಂಬಲ್ಲಿ ಮ್ಯಾನೇಜರ್ ಎಂದೂ 'ಕಾರಣ' ಎಂಬಲ್ಲಿ 'ನೋವು ತಡೆಯಲಾಗುತ್ತಿಲ್ಲ, ಒಳಗೆಲ್ಲ ಹುಳುಕು, ಇವತ್ತೇ ಬೇರುಸಮೇತ ಕೀಳಿಸಬೇಕು' ಎಂದೂ ಬರೆದು ಬಟನ್ ಒತ್ತಿದರು.

ಪರದೆಯ ಮೇಲೆ ಮೂಡಿತು: 'ಮ್ಯಾನೇಜರ್ ಮೇಲಿನ ನಿಮ್ಮ ದೂರು ಪ್ರಧಾನ ಕಚೇರಿಗೆ ತಲುಪಿದೆ.'

ಗುಮಾಸ್ತರ ಜೀವ ಬಾಯಿಗೆ ಬಂದು ಹಲ್ಲಿನ ಪಕ್ಕದಲ್ಲೇ ಕೂತಿತು.

ಪಕ್ಕದ ಮೇಜಿನ ಟಪಾಲಕ್ಕ ಕತ್ತು ಚಾಚಿದಳು. "ಅಯ್ಯಯ್ಯೋ! ನಿಮ್ಗೆ ಇಷ್ಟು ಧೈರ್ಯ ಎಲ್ಲಿತ್ರೀ?"

"ಧೈರ್ಯ ಅಲ್ಲಕ್ಕಾ, ಹಲ್ಲು!"

"ಸಲಹೆ ಫಾರಂನಲ್ಲಿ ಬಿಡಿಸಿ ಹೇಳ್ಬಿಡಿ, ಸರಿಹೋಗುತ್ತೆ."

ಗುಮಾಸ್ತರು ಬರೆದರು: 'ಹುಳುಕಾಗಿರುವುದು ಮೇಲೆ ಎಡಗಡೆ ಮೂಲೆಯದು ಮಾತ್ರ. ಉಳಿದವೆಲ್ಲ ಗಟ್ಟಿಯಾಗಿವೆ.' ಗಾಬರಿಯಲ್ಲಿ 'ಹಲ್ಲು' ಎಂಬ ಪದವೇ ಬಿಟ್ಟುಹೋಯಿತು. ಮ್ಯಾನೇಜರ ಕೋಣೆ ಇದ್ದದ್ದೂ ಮೇಲೆ, ಎಡಗಡೆ ಮೂಲೆಯಲ್ಲಿ.

'ನಿಮ್ಮ ಎರಡನೇ ದೂರು ತಲುಪಿದೆ.'

ಕೆನ್ನೆ ಹಿಡಿದುಕೊಂಡು, ಆ ವೆಬ್‌ಪುಟ ಮಾಡಿದ್ದ ಇಂಜಿನಿಯರಮ್ಮನ ಬಳಿ ಓಡಿದರು. ಆಕೆ ಪರದೆ ನೋಡಿ ನಾಲಿಗೆ ಕಚ್ಚಿಕೊಂಡಳು.

"ಮೂರು ಬಟನ್‌ಗೂ ಒಂದೇ ಹೆಸರು ಕೊಟ್ಬಿಟ್ಟಿದೀನಿ ಸಾರ್. ಯಾವ ಫಾರಂ ಬಂತು ಅಂತ ಸರ್ವರ್‌ಗೆ ಗೊತ್ತಾಗ್ದೆ, ಎಲ್ಲಾನೂ ದೂರು ಅಂದ್ಕೊಳ್ತಿದೆ."

"ಬೇಗ ಸರಿಮಾಡಮ್ಮಾ!"

"ಮ್ಯಾನೇಜರ್ ಒಪ್ಪಿಗೆ ಇಲ್ದೆ ಪುಟ ಮುಟ್ಟೋ ಹಾಗಿಲ್ಲ ಸಾರ್."

ಒಂದು ಗಂಟೆ ಕಳೆಯುವಷ್ಟರಲ್ಲಿ ಮೇಲಿಂದ ಮ್ಯಾನೇಜರ ಕರೆ ಬಂತು. ಕಾಲಿಗೆ ಬೀಳಲು ಸಿದ್ಧರಾಗಿಯೇ ಗುಮಾಸ್ತರು ಮೆಟ್ಟಿಲು ಹತ್ತಿದರು. ಮ್ಯಾನೇಜರು ಎದ್ದು ಬಂದು ಗಟ್ಟಿಯಾಗಿ ಅಪ್ಪಿಕೊಂಡರು.

"ಎಂಟು ವರ್ಷದಿಂದ ವರ್ಗ ಕೇಳ್ತಿದ್ದೆ ಕಣಯ್ಯಾ! ನಿನ್ನ ನಾಲ್ಕು ಸಾಲಿಗೆ ಒಂದೇ ಗಂಟೇಲಿ ಸಿಕ್ತು. ಅದೂ ನಮ್ಮೂರಿಗೇ!"

ಗುಮಾಸ್ತರಿಗೆ ಹೋದ ಉಸಿರು ಬಂತು. "ಹಾಗಾದ್ರೆ ಸಾರ್, ನನ್ನ ಅರ್ಧ ದಿನದ ರಜೆ..."

"ಯಾರಿಗೂ ಹೆದರದ ಮನುಷ್ಯ ಅಂತ ನಿನ್ನನ್ನೇ ಮ್ಯಾನೇಜರ್ ಮಾಡಿದಾರೆ. ಹೊಸ ಮ್ಯಾನೇಜರ್‌ಗೆ ಆರು ತಿಂಗಳು ರಜೆ ಇಲ್ಲ. ಬರ್ಲಾ?"

ಗುಮಾಸ್ತರು ಆ ದೊಡ್ಡ ಕುರ್ಚಿಯಲ್ಲಿ ಕುಸಿದರು. ಬಾಗಿಲ ಸಂದಿಯಲ್ಲಿ ಟಪಾಲಕ್ಕನ ತಲೆ ಕಾಣಿಸಿತು.

"ಅಭಿನಂದನೆ ಸಾರ್! ಮಧ್ಯಾಹ್ನದಿಂದ ನಂಗೆ ರಜೆ ಬೇಕಿತ್ತು. ಫಾರಂ ಯಾಕೆ ಸುಮ್ನೆ, ಬಾಯಲ್ಲೇ ಹೂಂ ಅಂದ್ಬಿಡಿ."